ಫೋನಿಗೆ ಗೊತ್ತಿದೆ, ಹೇಳುತ್ತಿಲ್ಲ: ಅಂಗವಿಕಲರಿಗೂ ಒದಗುವ ಎಆರ್ ಹೇಗಿರಬೇಕು?

ಫೋನಿನ ಕ್ಯಾಮೆರಾ ತೆರೆದು ಹಿಡಿದರೆ ಎದುರಿಗೆ ಇರುವುದೆಲ್ಲ ಪರದೆಯಲ್ಲಿ ಕಾಣುತ್ತದೆ. ಎದುರಿಗೆ ಇಲ್ಲದ್ದನ್ನೂ ತಂದು ಅದೇ ದೃಶ್ಯದಲ್ಲಿ ಕೂರಿಸುವ ತಂತ್ರಜ್ಞಾನಕ್ಕೆ ಆಗ್ಮೆಂಟೆಡ್ ರಿಯಾಲಿಟಿ ಎನ್ನುತ್ತಾರೆ, ಚಿಕ್ಕದಾಗಿ ಎಆರ್. 2016ರಲ್ಲಿ ಪೋಕೆಮಾನ್ ಗೋ ಆಟ ಬಂದಾಗ ಜನ ಫೋನ್ ಹಿಡಿದು ಬೀದಿ ಬೀದಿ ಅಲೆದದ್ದು ನೆನಪಿರಬಹುದು. ಸೋಫಾ ಕೊಳ್ಳುವ ಮೊದಲು ಅದು ನಮ್ಮ ಹಾಲ್‌ನಲ್ಲಿ ಹೇಗೆ ಕಾಣುತ್ತದೆ ಅಂತ ಫೋನಿನಲ್ಲೇ ಇಟ್ಟು ನೋಡುವುದು, ವಿಡಿಯೋದಲ್ಲಿ ಮುಖಕ್ಕೆ ನಾಯಿಯ ಕಿವಿ ಬರುವುದು, ಎಲ್ಲವೂ ಇದೇ.

ಇಂಥ ಆ್ಯಪ್‌ಗಳನ್ನು ಮಾಡುವವರು ಬಳಸುವವರ ಬಗ್ಗೆ ಒಂದಿಷ್ಟು ಅಂದಾಜು ಮಾಡಿಕೊಂಡಿರುತ್ತಾರೆ. ಅವರಿಗೆ ಕಣ್ಣು ಕಾಣುತ್ತದೆ, ಕಿವಿ ಕೇಳುತ್ತದೆ, ಎರಡೂ ಕೈ ಆಡುತ್ತವೆ, ನಿಂತು ತಿರುಗಿ ನಾಲ್ಕು ಹೆಜ್ಜೆ ನಡೆಯಲು ಬರುತ್ತದೆ ಅಂತ. ನಮ್ಮ ದೇಶದಲ್ಲಿ 2011ರ ಜನಗಣತಿಯೇ 2.68 ಕೋಟಿ ಅಂಗವಿಕಲರನ್ನು ಲೆಕ್ಕ ಹಾಕಿತ್ತು. ಮಂಡಿ ನೋವಿನ ಅಜ್ಜ, ಪೊರೆ ಬಂದ ಕಣ್ಣಿನ ಅಜ್ಜಿ ಎಷ್ಟೋ ಸಲ ಆ ಲೆಕ್ಕದಲ್ಲಿ ಬಂದಿರುವುದಿಲ್ಲ. ಅವರನ್ನೂ ಸೇರಿಸಿದರೆ ಆ ಅಂದಾಜಿನ ಹೊರಗೆ ಉಳಿಯುವವರು ಸಣ್ಣ ಗುಂಪೇನಲ್ಲ.

ಮಾತು ಸುಮ್ನೆ ಗಾಳಿಯಲ್ಲಿ ತೇಲುವುದು ಬೇಡ, ಒಂದು ಜಾಗ ಇಟ್ಟುಕೊಳ್ಳೋಣ. ಕುಮಟಾ ಹತ್ತಿರದ ಮಿರ್ಜಾನ್ ಕೋಟೆ. ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯ ಹೆಸರಿನೊಂದಿಗೆ ಬೆಸೆದುಕೊಂಡ ಕೋಟೆ ಅದು. ಪೋರ್ಚುಗೀಸರು ಕರಿಮೆಣಸಿನ ರಾಣಿ ಅಂತ ಕರೆದದ್ದು ಆಕೆಯನ್ನೇ. ಅಲ್ಲಿಗೊಂದು ಎಆರ್ ಆ್ಯಪ್ ಮಾಡಿದ್ದಾರೆ ಅಂದುಕೊಳ್ಳಿ; ಇದು ಬರೀ ಕಲ್ಪನೆಯ ಆ್ಯಪ್. ಬುರುಜಿನ ಕಡೆ ಫೋನ್ ಹಿಡಿದರೆ ಕಾವಲುಗಾರ ಕಾಣಿಸಿಕೊಳ್ಳುತ್ತಾನೆ. ಬಾವಿಯ ಹತ್ತಿರ ಹೋದರೆ ಒಂದು ದನಿ ಕಥೆ ಹೇಳುತ್ತದೆ. ಅಂಗಳದಲ್ಲಿ ಮೆಣಸಿನ ಮೂಟೆಗಳು ಬಿದ್ದಿವೆ, ಬೆರಳಿನಿಂದ ಮುಟ್ಟಿದರೆ ಅವು ಯಾವ ದೇಶಕ್ಕೆ ಹೋಗುತ್ತಿದ್ದವು ಎಂಬ ನಕ್ಷೆ ತೆರೆಯುತ್ತದೆ.

ಇದು ನಡೆಯುವುದು ಹೇಗೆ? ಫೋನು ಮೊದಲು ತಾನು ಎಲ್ಲಿದ್ದೇನೆ ಅಂತ ತಿಳಿದುಕೊಳ್ಳಬೇಕು. ಕ್ಯಾಮೆರಾದ ಚಿತ್ರದಲ್ಲಿ ಎದ್ದು ಕಾಣುವ ಗುರುತುಗಳನ್ನು ಅದು ಹುಡುಕುತ್ತದೆ: ಕಲ್ಲಿನ ಮೂಲೆ, ಬಿರುಕು, ಬಣ್ಣ ಬದಲಾಗುವ ಅಂಚು. ಕೈ ಸ್ವಲ್ಪ ಸರಿದಾಗ ಹತ್ತಿರದ ಗುರುತು ಜಾಸ್ತಿ ಸರಿಯುತ್ತದೆ, ದೂರದ್ದು ಕಡಿಮೆ. ಫೋನ್ ಎಷ್ಟು ವಾಲಿತು, ಎತ್ತ ತಿರುಗಿತು ಅನ್ನುವುದನ್ನು ಒಳಗಿನ ಜೈರೊಸ್ಕೋಪ್, ಆಕ್ಸಿಲರೊಮೀಟರ್ ಹೇಳುತ್ತವೆ. ಎರಡೂ ಲೆಕ್ಕ ಸೇರಿದರೆ ಫೋನಿನ ಜಾಗ ಗೊತ್ತಾಗುತ್ತದೆ. ಈ ಲೆಕ್ಕ ಸೆಕೆಂಡಿಗೆ ಹತ್ತಾರು ಸಲ ನಡೆಯುತ್ತಲೇ ಇರುತ್ತದೆ. ಆಮೇಲೆ ನೆಲ ಎಲ್ಲಿ, ಗೋಡೆ ಎಲ್ಲಿ, ಬೆಳಕು ಎಷ್ಟಿದೆ ಎಂಬ ಅಂದಾಜು. ಆ್ಯಪಲ್‌ನ ಎಆರ್‌ಕಿಟ್ 2017ರಲ್ಲಿ, ಗೂಗಲ್‌ನ ಎಆರ್‌ಕೋರ್ 2018ರಲ್ಲಿ ಬಂದ ಮೇಲೆ ಈ ಕೆಲಸವನ್ನು ಪ್ರತಿ ಆ್ಯಪ್ ತಾನೇ ಮಾಡಬೇಕಾಗಿಲ್ಲ, ಫೋನೇ ಮಾಡಿಕೊಡುತ್ತದೆ.

ಈ ವಿಷಯದಲ್ಲಿ ಮಿರ್ಜಾನ್ ಪುಣ್ಯ ಮಾಡಿದ ಜಾಗ. ಕೋಟೆ ಚಿರೆಕಲ್ಲಿನದು. ಚಿರೆಕಲ್ಲಿನ ಮೈಯೆಲ್ಲ ತೂತು, ಕುಳಿ, ಅಂಕುಡೊಂಕು. ಗುರುತು ಹುಡುಕುವ ಫೋನಿಗೆ ಇದಕ್ಕಿಂತ ಒಳ್ಳೆಯ ಗೋಡೆ ಬೇಡ. ಅದೇ ಕಾರವಾರದ ಕಡಲತೀರದಲ್ಲಿ ಸಮುದ್ರದ ಕಡೆ ಫೋನ್ ಹಿಡಿಯಿರಿ, ಪರದಾಡುತ್ತದೆ. ಅಲೆ ಒಂದು ಕಡೆ ನಿಲ್ಲುವುದಿಲ್ಲ, ಗುರುತು ಸಿಕ್ಕ ಮರುಕ್ಷಣವೇ ಕಳೆದುಹೋಗುತ್ತದೆ.

ಈಗ ಒಂದು ವಿಷಯ ಗಮನಿಸಿ. ಕಾವಲುಗಾರನ ಚಿತ್ರ ಬಿಡಿಸುವ ಮೊದಲೇ ಫೋನಿಗೆ ನೆಲ ಎಲ್ಲಿದೆ ಅಂತ ಗೊತ್ತಿದೆ. ಗೋಡೆ ಎಷ್ಟು ದೂರ ಅಂತ ಗೊತ್ತಿದೆ. ಮೂಟೆ ಬಳಸುವವರ ಬಲಕ್ಕೆ ಎರಡು ಮೀಟರ್ ಆಚೆ ಇದೆ ಅಂತ ಗೊತ್ತಿದೆ. ಎಲ್ಲವೂ ಅಂಕಿಗಳಲ್ಲಿ ಒಳಗೇ ಇದೆ. ಚಿತ್ರ ಬರುವುದು ಕಟ್ಟಕಡೆಗೆ. ಕಣ್ಣು ಕಾಣದವರಿಗೆ ಬೇಕಾದದ್ದು ಇದೇ ಮಾಹಿತಿ ಅಲ್ವಾ? ಫೋನಿಗೆ ಅದು ಗೊತ್ತಿದೆ, ಆದರೆ ಕಣ್ಣಿದ್ದವರಿಗೆ ಮಾತ್ರ ಹೇಳುತ್ತದೆ.

ಪ್ರಸಂಗ ಒಂದೇ, ವೇಷ ಬೇರೆ

ಕಣ್ಣು ಕಾಣದವರು ಫೋನ್ ಬಳಸುವುದು ಸ್ಕ್ರೀನ್ ರೀಡರ್ ಸಹಾಯದಿಂದ. ಆಂಡ್ರಾಯ್ಡ್‌ನಲ್ಲಿ ಟಾಕ್‌ಬ್ಯಾಕ್, ಐಫೋನಿನಲ್ಲಿ ವಾಯ್ಸ್‌ಓವರ್. ಬೆರಳನ್ನು ಪರದೆಯ ಮೇಲೆ ಸರಿಸುತ್ತಾ ಹೋದಂತೆ ಬೆರಳಿನ ಕೆಳಗೆ ಏನಿದೆ ಅಂತ ಅದು ಓದಿ ಹೇಳುತ್ತದೆ. ಆದರೆ ಅದು ಚಿತ್ರವನ್ನು ನೋಡಿ ಓದುವುದಲ್ಲ. ಪ್ರತಿ ಆ್ಯಪ್ ತನ್ನ ಪರದೆಯ ಮೇಲೆ ಏನೇನಿದೆ ಎಂಬ ಪಟ್ಟಿಯನ್ನು ಒಳಗೊಳಗೆ ಕೊಟ್ಟಿರುತ್ತದೆ: ಇದು ಗುಂಡಿ, ಇದರ ಹೆಸರು ‘ಕಳಿಸು’, ಇದು ಖಾಲಿ ಜಾಗ, ಇಲ್ಲಿ ಹೆಸರು ಬರೆಯಬೇಕು. ಸ್ಕ್ರೀನ್ ರೀಡರ್ ಓದುವುದು ಮುಖ್ಯವಾಗಿ ಆ ಪಟ್ಟಿಯನ್ನು.

ಎಆರ್ ಆ್ಯಪ್‌ನಲ್ಲಿ ಆ ಪಟ್ಟಿ ಬಹುತೇಕ ಖಾಲಿ. ಇಡೀ ದೃಶ್ಯವನ್ನು ಒಂದೇ ದೊಡ್ಡ ಚಿತ್ರವಾಗಿ ಬಿಡಿಸಿರುತ್ತಾರೆ. ಕಾವಲುಗಾರ, ಮೂಟೆ, ಬಾವಿ ಎಲ್ಲ ಅದರೊಳಗಿನ ಬಣ್ಣ ಅಷ್ಟೇ. ಟಾಕ್‌ಬ್ಯಾಕ್ ಆನ್ ಮಾಡಿ ಬೆರಳಿಟ್ಟರೆ ‘ಹಿಂದೆ’ ಎಂಬ ಒಂದು ಗುಂಡಿ ಸಿಗುತ್ತದೆ, ಉಳಿದ ಪರದೆಯೆಲ್ಲ ಮೌನ.

ಇದಕ್ಕೆ ಪರಿಹಾರ ಅಂತ ಕೆಲವರು ಆ್ಯಪ್ ಎಲ್ಲ ಮುಗಿದ ಮೇಲೆ ಒಂದೊಂದಕ್ಕೂ ಹೆಸರಿನ ಚೀಟಿ ಅಂಟಿಸುತ್ತಾರೆ. ಅಷ್ಟು ಸಾಲದು. ಯೋಚನೆಯ ಕ್ರಮವೇ ಬದಲಾಗಬೇಕು ಅನ್ನುವುದು ನನ್ನ ವಾದ. ನಮ್ಮ ಕರಾವಳಿ ಕಡೆಯವರಿಗೆ ಇದನ್ನು ಹೇಳುವುದು ಸುಲಭ. ಯಕ್ಷಗಾನದ ಬಯಲಾಟದಲ್ಲಿ ವೇಷ, ಕುಣಿತ, ರಂಗಸ್ಥಳ ಎಲ್ಲ ಇರುತ್ತದೆ. ಅದೇ ಪ್ರಸಂಗವನ್ನು ತಾಳಮದ್ದಲೆಯಲ್ಲಿ ಅರ್ಥಧಾರಿಗಳು ಶಾಲು ಹೊದ್ದು ಕೂತಲ್ಲೇ ಮಾತಿನಲ್ಲಿ ನಡೆಸುತ್ತಾರೆ. ಕಿರೀಟ ಇಲ್ಲ, ಗೆಜ್ಜೆ ಇಲ್ಲ, ಆದರೂ ಕೌರವ ಕೌರವನೇ. ತಾಳಮದ್ದಲೆಯನ್ನು ಯಾರೂ ಬಯಲಾಟದ ಬಡ ನಕಲು ಅನ್ನುವುದಿಲ್ಲ. ಎಆರ್ ಆ್ಯಪ್ ಕೂಡ ಹೀಗೆಯೇ ಆಗಬೇಕು. ಮೊದಲು ಪ್ರಸಂಗ ಬರೆಯಬೇಕು: ಇಲ್ಲಿ ಯಾರಿದ್ದಾರೆ, ಎಲ್ಲಿದ್ದಾರೆ, ಏನು ಮಾಡುತ್ತಿದ್ದಾರೆ, ನಾವು ಅವರೊಂದಿಗೆ ಏನು ಮಾಡಬಹುದು. ಚಿತ್ರ ಅದರ ಒಂದು ರೂಪ, ದನಿ ಇನ್ನೊಂದು, ಫೋನಿನ ನಡುಕ ಮತ್ತೊಂದು.

ಹಾಗೆ ಬರೆಯುವಾಗ ವಿವರಣೆಯ ಗುಣವೂ ಬದಲಾಗುತ್ತದೆ. ‘ಕೆಂಪು ಪೇಟದ ಮೂರು ಆಯಾಮದ ಮನುಷ್ಯನ ಆಕೃತಿ’ ಅಂದರೆ ಏನೂ ಹೇಳಿದಂತಾಗಲಿಲ್ಲ. ‘ನಿಮ್ಮ ಎಡಕ್ಕೆ, ಸುಮಾರು ಐದು ಹೆಜ್ಜೆ ದೂರ, ಬುರುಜಿನ ಮೇಲೆ ಕಾವಲುಗಾರ ನದಿಯ ಕಡೆ ನೋಡುತ್ತಾ ನಿಂತಿದ್ದಾನೆ’ ಅಂದರೆ ಜಾಗವೂ ಸಿಕ್ಕಿತು, ಕಥೆಯೂ ಸಿಕ್ಕಿತು. ಇಷ್ಟಾದರೂ ಎಲ್ಲವನ್ನೂ ಒಮ್ಮೆಲೇ ಒದರಬಾರದು. ಹತ್ತು ವಸ್ತುಗಳು ಒಟ್ಟಿಗೆ ತಮ್ಮ ತಮ್ಮ ಹೆಸರು ಹೇಳಲು ಶುರು ಮಾಡಿದರೆ ಸಂತೆಯ ಗದ್ದಲವಾಗುತ್ತದೆ. ಮೊದಲು ಚುಟುಕಾಗಿ: ‘ಇಲ್ಲಿ ಮೂರು ವಸ್ತುಗಳಿವೆ.’ ಕೇಳಿದರೆ ಹೆಸರು. ಇನ್ನೂ ಕೇಳಿದರೆ ವಿವರ. ಬೇಡ ಅಂದರೆ ತಕ್ಷಣ ಬಾಯಿ ಮುಚ್ಚಬೇಕು.

ಇದಕ್ಕೆ ಬೇಕಾದ ಉಪಕರಣಗಳೂ ಈಗ ಬಂದಿವೆ. ಆ್ಯಪಲ್‌ನ ರಿಯಾಲಿಟಿಕಿಟ್‌ನಲ್ಲಿ ಮೂರು ಆಯಾಮದ ಒಂದೊಂದು ವಸ್ತುವಿಗೂ ಹೆಸರು, ವಿವರಣೆ ಸೇರಿಸಬಹುದು. ಆಟಗಳನ್ನು ಕಟ್ಟುವವರು ಜಾಸ್ತಿ ಬಳಸುವ ಯೂನಿಟಿಯ ಹೊಸ ಆವೃತ್ತಿಗಳೂ ಫೋನಿನ ಸ್ಕ್ರೀನ್ ರೀಡರ್ ಜೊತೆ ಮಾತಾಡುತ್ತವೆ. ಆಗುವುದಿಲ್ಲ ಅನ್ನುವ ನೆಪ ಇನ್ನು ನಡೆಯುವುದಿಲ್ಲ.

ದಿಕ್ಕನ್ನು ಕೇಳಿಸುವುದು

ಎಡಕ್ಕೆ, ಬಲಕ್ಕೆ ಅಂತ ಮಾತಿನಲ್ಲಿ ಹೇಳುವುದಕ್ಕಿಂತ ದನಿಯೇ ಆ ದಿಕ್ಕಿನಿಂದ ಬಂದರೆ ಬೇಗ ತಿಳಿಯುತ್ತದೆ. ಎಡಗಡೆಯ ಸದ್ದು ಎಡಗಿವಿಗೆ ಮೊದಲು ತಲುಪುತ್ತದೆ, ಬಲಗಿವಿಗೆ ಚೂರು ತಡ. ಆ ತಡ ಒಂದು ಸೆಕೆಂಡಿನ ಸಾವಿರದಲ್ಲೊಂದು ಭಾಗಕ್ಕಿಂತಲೂ ಕಡಿಮೆ. ಜೊತೆಗೆ ತಲೆ ಅಡ್ಡ ಬರುವುದರಿಂದ ಬಲಗಿವಿಗೆ ಸದ್ದು ಕೊಂಚ ಮಂಕಾಗಿ ಕೇಳುತ್ತದೆ. ಇಷ್ಟರಿಂದಲೇ ಮಿದುಳು ದಿಕ್ಕು ಹಿಡಿಯುತ್ತದೆ. ಇದೇ ವ್ಯತ್ಯಾಸವನ್ನು ಲೆಕ್ಕ ಹಾಕಿ ಹೆಡ್‌ಫೋನಿನಲ್ಲಿ ಕೇಳಿಸಿದರೆ ಸದ್ದು ನಿಜವಾಗಿಯೂ ಬುರುಜಿನ ಕಡೆಯಿಂದಲೇ ಬಂದಂತೆ ಅನ್ನಿಸುತ್ತದೆ.

ಮೈಕ್ರೋಸಾಫ್ಟ್ 2018ರಲ್ಲಿ ಬಿಟ್ಟ ಸೌಂಡ್‌ಸ್ಕೇಪ್ ಆ್ಯಪ್ ಮಾಡುತ್ತಿದ್ದುದು ಇದನ್ನೇ. ಚಿತ್ರವೇ ಇಲ್ಲದ ಎಆರ್ ಅದು. ನಡೆಯುತ್ತಾ ಹೋದಂತೆ ಅಂಗಡಿಯ ಹೆಸರು ಅಂಗಡಿಯ ದಿಕ್ಕಿನಿಂದಲೇ ಕೇಳುತ್ತಿತ್ತು. 2023ರಲ್ಲಿ ಕಂಪನಿ ಅದನ್ನು ನಿಲ್ಲಿಸಿತು. ಅದರ ಕೋಡ್ ಅನ್ನು ಎಲ್ಲರಿಗೂ ಮುಕ್ತವಾಗಿ ಬಿಟ್ಟುಕೊಟ್ಟಿದ್ದರಿಂದ ಬೇರೆಯವರು ಮುಂದುವರಿಸಿಕೊಂಡು ಹೋಗಲು ಸಾಧ್ಯವಾಯಿತು. ಇಲ್ಲದಿದ್ದರೆ? ದಿನಾ ದಾರಿ ತೋರುತ್ತಿದ್ದ ಆ್ಯಪ್ ಒಂದು ಬೆಳಿಗ್ಗೆ ಇಲ್ಲವೆಂದರೆ ಅದನ್ನೇ ನಂಬಿಕೊಂಡಿದ್ದವರ ಗತಿ ಏನು? ಸರ್ಕಾರದ ದುಡ್ಡಿನಲ್ಲಿ ಇಂಥದ್ದನ್ನು ಮಾಡಿಸುವಾಗ ಕೋಡ್ ಮುಕ್ತವಾಗಿರಬೇಕು ಅಂತ ಮೊದಲೇ ಕರಾರು ಹಾಕಿಕೊಳ್ಳುವುದು ಒಳ್ಳೆಯದು.

ದನಿಗೂ ಮಿತಿಗಳಿವೆ. ಕಾರವಾರದಲ್ಲಿ ಹೆದ್ದಾರಿ 66 ಊರೊಳಗಿಂದಲೇ ಹೋಗುತ್ತದೆ. ಕಣ್ಣು ಕಾಣದವರು ಆ ರಸ್ತೆ ದಾಟುವುದು ಕಿವಿಯ ಮೇಲೆ ಭರವಸೆ ಇಟ್ಟು. ಕಿವಿಗೆ ಹೆಡ್‌ಫೋನ್ ತುರುಕಿದರೆ ಲಾರಿಯ ಸದ್ದನ್ನೇ ಕಸಿದುಕೊಂಡಂತೆ. ಅದಕ್ಕೇ ಕಿವಿಯ ತೂತನ್ನು ಮುಚ್ಚದೆ, ಕೆನ್ನೆಯ ಮೂಳೆಯ ಮೂಲಕ ಸದ್ದು ದಾಟಿಸುವ ಹೆಡ್‌ಫೋನ್‌ಗಳನ್ನು ಬಳಸುತ್ತಾರೆ. ಇನ್ನು ಒಂದೇ ಕಿವಿ ಕೇಳುವವರಿಗೆ ದಿಕ್ಕಿನ ಸದ್ದು ಪ್ರಯೋಜನಕ್ಕೆ ಬರುವುದಿಲ್ಲ, ಅವರಿಗೆ ‘ಎಡಕ್ಕೆ’ ಎಂಬ ಮಾತೇ ಬೇಕು. ಹಾಗಾಗಿ ಯಾವುದೇ ಸುದ್ದಿ ಒಂದೇ ದಾರಿಯಲ್ಲಿ ಬರಬಾರದು. ಅಡ್ಡಿ ಹತ್ತಿರವಾದಂತೆ ಫೋನ್ ಜಾಸ್ತಿ ನಡುಗುವುದು ಮೂರನೇ ದಾರಿ.

ಕೈಯ ವಿಷಯವೂ ಇದೆ. ಒಂದು ಕೈಯಲ್ಲಿ ಬಿಳಿ ಕೋಲು, ಇನ್ನೊಂದರಲ್ಲಿ ಎದೆಯ ಎತ್ತರಕ್ಕೆ ಚಾಚಿದ ಫೋನು. ಎಷ್ಟು ಹೊತ್ತು ಅಂತ ಹಿಡಿದಿರಲು ಸಾಧ್ಯ? ಮಳೆಗಾಲದಲ್ಲಿ ಕೊಡೆಗೆ ಮೂರನೇ ಕೈ ಬೇಕು! ಫೋನನ್ನು ಕೊರಳಿಗೆ ನೇತುಹಾಕಿಕೊಂಡರೂ ಆ್ಯಪ್ ಕೆಲಸ ಮಾಡುವಂತೆ ರೂಪಿಸಿದರೆ ಅರ್ಧ ತೊಂದರೆ ತೀರುತ್ತದೆ.

ಎಆರ್‌ನ ಒಳಗಿನ ಇದೇ ಲೆಕ್ಕ ಕಣ್ಣು ಕಾಣದವರ ಕೈಗೆ ಬಂದಾಗ ಏನಾಗುತ್ತದೆ ಅನ್ನುವುದಕ್ಕೆ ಉದಾಹರಣೆಗಳೂ ಇವೆ. 2020ರಿಂದ ಐಫೋನಿನ ಪ್ರೊ ಮಾದರಿಗಳಲ್ಲಿ ಲೈಡಾರ್ ಇದೆ. ಅದು ಕಣ್ಣಿಗೆ ಕಾಣದ ಬೆಳಕನ್ನು ಚೆಲ್ಲಿ, ವಾಪಸ್ ಬರಲು ಹಿಡಿದ ಸಮಯದಿಂದ ದೂರ ಅಳೆಯುತ್ತದೆ. ಸುಮಾರು ಐದು ಮೀಟರ್‌ವರೆಗೆ ಕೆಲಸ ಮಾಡುತ್ತದೆ. ಅದನ್ನೇ ಬಳಸಿ ಎದುರಿಗೆ ಮನುಷ್ಯರು ಎಷ್ಟು ದೂರದಲ್ಲಿದ್ದಾರೆ ಅಂತ ಹೇಳುವ ಸೌಲಭ್ಯ ಮೊದಲು ಬಂತು. 2022ರಲ್ಲಿ ಬಾಗಿಲು ಗುರುತಿಸುವುದೂ ಬಂತು: ಬಾಗಿಲು ಎಷ್ಟು ದೂರ, ತೆರೆದಿದೆಯೋ ಮುಚ್ಚಿದೆಯೋ, ದೂಡಬೇಕೋ ಎಳೆಯಬೇಕೋ, ಮೇಲೆ ಏನು ಬರೆದಿದೆ. ಇಂಥ ಫೋನಿನ ಬೆಲೆ ಕೇಳಿದರೆ ನಮ್ಮಲ್ಲಿ ಹೆಚ್ಚಿನವರು ಬಾಗಿಲನ್ನು ತಡವಿಯೇ ಹುಡುಕುತ್ತೇವೆ ಅನ್ನುತ್ತಾರೆ ಬಿಡಿ. ಆದರೆ ಲೈಡಾರ್ ಇಲ್ಲದ ಆಂಡ್ರಾಯ್ಡ್ ಫೋನುಗಳಲ್ಲೂ ಒಂದೇ ಕ್ಯಾಮೆರಾದ ಚಲನೆಯಿಂದ ದೂರ ಅಂದಾಜಿಸುವ ವಿಧಾನವನ್ನು ಎಆರ್‌ಕೋರ್ 2020ರಿಂದ ಕೊಡುತ್ತಿದೆ. ಲೈಡಾರ್‌ನಷ್ಟು ನಿಖರವಲ್ಲ, ಆದರೂ ಏನೂ ಇಲ್ಲದ್ದಕ್ಕಿಂತ ಎಷ್ಟೋ ವಾಸಿ. ಕ್ಯಾಮೆರಾ ನೋಡಿ ಬರಹ, ವಸ್ತು ಗುರುತಿಸಿ ಹೇಳುವ ಸೀಯಿಂಗ್ ಎಐ, ಲುಕ್‌ಔಟ್ ಆ್ಯಪ್‌ಗಳು ಉಚಿತ.

ಕಿವಿ, ಕೈ, ಕುರ್ಚಿ

ಬಾವಿಯ ಹತ್ತಿರ ಕಥೆ ಹೇಳುವ ದನಿ ಇತ್ತಲ್ಲ, ಕಿವಿ ಕೇಳದವರಿಗೆ ಅದನ್ನು ಅಕ್ಷರದಲ್ಲಿ ತೋರಿಸಬೇಕು. ಟಿವಿಯಲ್ಲಾದರೆ ಕೆಳಗೆ ಒಂದು ಸಾಲು ಹಾಕಿದರೆ ಮುಗಿಯಿತು. ಎಆರ್‌ನಲ್ಲಿ ಆ ಸಾಲನ್ನು ಎಲ್ಲಿ ಇಡುವುದು? ಬಾವಿಯ ಮೇಲೆ ಅಂಟಿಸಿದರೆ ಬಳಸುವವರು ಬೇರೆ ಕಡೆ ತಿರುಗಿದಾಗ ತಪ್ಪಿಹೋಗುತ್ತದೆ. ಪರದೆಗೇ ಅಂಟಿಸಿದರೆ ಸದಾ ಕಾಣುತ್ತದೆ, ಆದರೆ ಯಾರು ಮಾತಾಡಿದರು ಅಂತ ತಿಳಿಯುವುದಿಲ್ಲ. ಎರಡನ್ನೂ ಸೇರಿಸಿದ ದಾರಿ ನನಗೆ ಸರಿ ಅನ್ನಿಸುತ್ತದೆ: ಸಾಲು ಪರದೆಯಲ್ಲೇ ಇರಲಿ, ಮಾತಾಡಿದವರು ಹಿಂದೆ ಇದ್ದರೆ ಆ ಕಡೆಗೊಂದು ಬಾಣ, ಮುಂದೆ ಅವರ ಹೆಸರು. ಮಾತಲ್ಲದ ಸದ್ದನ್ನೂ ಬರೆಯಬೇಕು. ಬೆನ್ನ ಹಿಂದೆ ಕೋಟೆಯ ಬಾಗಿಲು ದಡಾರನೆ ಮುಚ್ಚಿದರೆ ಅದೂ ಕಥೆಯ ಭಾಗವೇ.

ಎದುರಿನವರ ಮಾತನ್ನು ಆಗಲೇ ಅಕ್ಷರ ಮಾಡುವ ತಂತ್ರ ಗೂಗಲ್‌ನ ಲೈವ್ ಟ್ರಾನ್ಸ್‌ಕ್ರೈಬ್‌ನಲ್ಲಿ 2019ರಿಂದ ಇದೆ, ಕನ್ನಡವೂ ಅದರಲ್ಲಿದೆ. ಅದನ್ನು ಕನ್ನಡಕದ ಗಾಜಿನ ಮೇಲೆ ತೋರಿಸಿದರೆ ಕಿವಿ ಕೇಳದವರು ಮುಖ ನೋಡುತ್ತಲೇ ಮಾತು ಓದಬಹುದು. ಆದರೆ ಸಭೆಯ ಭಾಷಣಕ್ಕೆ ಸರಿಹೋದದ್ದು ಚಂಡೆ ಮದ್ದಲೆಯ ನಡುವೆ ಭಾಗವತರ ಪದ್ಯಕ್ಕೆ ಸರಿಹೋಗುತ್ತದೆ ಅಂತ ಆಸೆ ಇಟ್ಟುಕೊಳ್ಳಬೇಡಿ. ಅಲ್ಲಿ ಪದ್ಯ ಮೊದಲೇ ಬರೆದಿಟ್ಟದ್ದು, ಪ್ರಸಂಗದ ಪಠ್ಯವನ್ನೇ ಸಾಲು ಸಾಲಾಗಿ ತೋರಿಸಬಹುದು. ಅರ್ಥ, ಅಂದರೆ ಪಾತ್ರಧಾರಿಗಳ ಮಾತು, ಮಾತ್ರ ಆಶುವಾಗಿ ಬರುವುದು, ಅದಕ್ಕೇ ಯಂತ್ರದ ಕಿವಿ ಬೇಕು.

ಇನ್ನೊಂದು ಮಾತು. ಹುಟ್ಟಿನಿಂದ ಕಿವಿ ಕೇಳದ ಎಷ್ಟೋ ಜನರಿಗೆ ಮೊದಲ ಭಾಷೆ ಭಾರತೀಯ ಸಂಜ್ಞಾ ಭಾಷೆ, ಕನ್ನಡ ಓದುವುದು ಎರಡನೆಯದು. ಸಂಜ್ಞಾ ಭಾಷೆಗೆ ಅದರದೇ ವ್ಯಾಕರಣವಿದೆ, ಕನ್ನಡವನ್ನು ಕೈಯಲ್ಲಿ ಬರೆದಂತೆ ಅಲ್ಲ. ಕಾವಲುಗಾರನ ಪಕ್ಕ ಸಂಜ್ಞೆ ಮಾಡುವವರ ವಿಡಿಯೋ ನಿಲ್ಲಿಸುವುದು ಎಆರ್‌ಗೆ ಕಷ್ಟವೇ ಅಲ್ಲ. ಕಂಪ್ಯೂಟರ್ ಗೊಂಬೆಗಿಂತ ನಿಜವಾದ ಮನುಷ್ಯರದ್ದೇ ಆಗಲಿ. ಸಂಜ್ಞೆಯಲ್ಲಿ ಅರ್ಧ ಮಾತು ಮುಖದಲ್ಲೇ ಇರುತ್ತದೆ.

ವೀಲ್‌ಚೇರ್‌ನಲ್ಲಿ ಬಂದವರ ಪಾಡು ಬೇರೆ. ನಮ್ಮ ಆ್ಯಪ್ ‘ಬುರುಜಿನ ಹತ್ತಿರ ಬನ್ನಿ’ ಅನ್ನುತ್ತದೆ, ಮೆಟ್ಟಿಲು ‘ಬರಬೇಡಿ’ ಅನ್ನುತ್ತದೆ. ಹಾಗಾಗಿ ನಡೆದು ಹೋದರಷ್ಟೇ ಸಿಗುವಂಥದ್ದು ಯಾವುದೂ ಇರಬಾರದು. ‘ಅದನ್ನು ಇಲ್ಲಿಗೇ ತಾ’ ಎಂಬ ಗುಂಡಿ ಇರಬೇಕು. ಮೂಟೆಯನ್ನು ನಿಂತವರ ಕಣ್ಣಿನ ಎತ್ತರಕ್ಕೆ ಇಟ್ಟರೆ ಕೂತವರಿಗೆ ಅದು ಮೇಲೆಲ್ಲೋ ತೇಲುತ್ತದೆ. ಫೋನಿಗೆ ತಾನು ನೆಲದಿಂದ ಎಷ್ಟು ಎತ್ತರದಲ್ಲಿದ್ದೇನೆ ಅಂತ ಗೊತ್ತೇ ಇದೆ, ಅದನ್ನು ನೋಡಿ ಎಲ್ಲವನ್ನೂ ತಗ್ಗಿಸಬಹುದು. ಇದೇ ಎಆರ್ ವರವೂ ಆಗಬಹುದು. ಕಾರವಾರದ ಕಡಲತೀರದಲ್ಲಿ ವಸ್ತುಸಂಗ್ರಹಾಲಯವಾಗಿ ನಿಂತಿರುವ ಐಎನ್‌ಎಸ್ ಚಾಪಲ್ ಯುದ್ಧನೌಕೆ. ಕ್ಷಿಪಣಿ ದೋಣಿಯ ಒಳಗಿನ ಇಕ್ಕಟ್ಟು ವೀಲ್‌ಚೇರ್‌ಗೆ ಆಗಿಬರುವಂಥದ್ದಲ್ಲ. ಹೊರಗೆ ನಿಂತು ಫೋನ್ ಹಿಡಿದರೆ ನೌಕೆಯ ಪಕ್ಕೆ ಪಾರದರ್ಶಕವಾಗಿ ಒಳಗಿನದೆಲ್ಲ ಕಾಣುವ ಹಾಗೆ ಮಾಡಿದರೆ, ಏಣಿ ಹತ್ತಲಾರದ ಹಿರಿಯರೂ ಅಲ್ಲೇ ಸಾಲು ನಿಲ್ಲುತ್ತಾರೆ.

ಕೈ ನಡುಗುವವರಿಗೆ, ಒಂದೇ ಕೈ ಇರುವವರಿಗೆ ಸುಲಭವಾದ ಒಂದು ಉಪಾಯವಿದೆ. ದೃಶ್ಯವನ್ನು ಅಲ್ಲೇ ತಡೆದು ನಿಲ್ಲಿಸುವುದು. ಒಮ್ಮೆ ಫೋನ್ ಹಿಡಿದು ‘ನಿಲ್ಲಿಸು’ ಅಂದರೆ ಆ ಚಿತ್ರ ಹಾಗೇ ಉಳಿಯಬೇಕು. ಆಮೇಲೆ ಫೋನನ್ನು ತೊಡೆಯ ಮೇಲೆ ಇಟ್ಟುಕೊಂಡು ನಿಧಾನವಾಗಿ ಒಂದೊಂದನ್ನೇ ಮುಟ್ಟಬಹುದು. ಬರೆಯಲು ಹೆಚ್ಚು ಕೋಡ್ ಬೇಡ, ಆದರೂ ಬಹಳ ಆ್ಯಪ್‌ಗಳಲ್ಲಿ ಇದು ಇಲ್ಲ. ಎರಡು ಬೆರಳಿನಿಂದ ಹಿಗ್ಗಿಸುವುದಕ್ಕೆ ಪರ್ಯಾಯವಾಗಿ ‘ದೊಡ್ಡದು’, ‘ಸಣ್ಣದು’ ಎಂಬ ಗುಂಡಿಗಳಿದ್ದರೆ ಸಾಕು.

2024ರ ಫೆಬ್ರವರಿಯಲ್ಲಿ ಅಮೆರಿಕದ ಮಾರುಕಟ್ಟೆಗೆ ಬಂದ, ಕಣ್ಣ ಮುಂದೆ ತಲೆಗೆ ತೊಡುವ ಸಾಧನವಾದ ಆ್ಯಪಲ್ ವಿಷನ್ ಪ್ರೊದಲ್ಲಿ ಯಾವುದನ್ನು ಆರಿಸಬೇಕೋ ಅದನ್ನು ಕಣ್ಣಿನಿಂದ ನೋಡಿ, ಬೆರಳು ಚಿವುಟಬೇಕು. ಹಾಗೆ ಮಾಡಲಾರದವರಿಗೆ ತಲೆ, ಮಣಿಕಟ್ಟು ಅಥವಾ ಬೆರಳಿನಿಂದ ತೋರಿಸುವ, ಒಂದೇ ಕಡೆ ಸ್ವಲ್ಪ ಹೊತ್ತು ನೋಡಿದರೆ ಒತ್ತಿದಂತಾಗುವ ಸೌಲಭ್ಯಗಳನ್ನು ಮೊದಲ ದಿನದಿಂದಲೇ ಕೊಟ್ಟರು. ಬೆಲೆ 3,499 ಡಾಲರ್. ಆದ್ದರಿಂದ ಅದನ್ನು ಮಾದರಿಯಾಗಿ ನೋಡಿ ಕಲಿಯಬಹುದು, ಅಷ್ಟೇ.

ಮಂದ ದೃಷ್ಟಿಯವರ ವಿಷಯ ಬೇಗ ಹೇಳಿಬಿಡುತ್ತೇನೆ. ವೆಬ್‌ಸೈಟುಗಳಲ್ಲಿ ಅಕ್ಷರಕ್ಕೂ ಹಿನ್ನೆಲೆಗೂ ಕನಿಷ್ಠ 4.5ಕ್ಕೆ 1ರಷ್ಟು ಬೆಳಕಿನ ವ್ಯತ್ಯಾಸ ಇರಬೇಕು ಎಂಬ ನಿಯಮವಿದೆ. ಎಆರ್‌ನಲ್ಲಿ ಹಿನ್ನೆಲೆ ನಮ್ಮ ಕೈಯಲ್ಲಿಲ್ಲ. ಮಟಮಟ ಮಧ್ಯಾಹ್ನದ ಕಡಲು ಒಂದು ಕ್ಷಣ, ಹಲಸಿನ ಮರದ ನೆರಳು ಮತ್ತೊಂದು ಕ್ಷಣ. ಅಕ್ಷರದ ಹಿಂದೆ ಗಟ್ಟಿ ಬಣ್ಣದ ಹಲಗೆ ಇಡಬೇಕು, ಬೇರೆ ದಾರಿಯಿಲ್ಲ. ಮಿನುಗುವ ಚಿತ್ರ ಸೆಕೆಂಡಿಗೆ ಮೂರು ಸಲಕ್ಕಿಂತ ಜಾಸ್ತಿ ಮಿನುಗಬಾರದು, ಅದರಿಂದ ಕೆಲವರಿಗೆ ಅಪಸ್ಮಾರ ಬರಬಹುದು. ತಲೆ ಸುತ್ತಿದರೆ, ಗಾಬರಿಯಾದರೆ ಒಂದೇ ಸಲಕ್ಕೆ ಎಲ್ಲ ನಿಲ್ಲಿಸುವ ಗುಂಡಿ ಇರಬೇಕು. ವೆಬ್‌ನ ನಿಯಮ ರೂಪಿಸುವ ಡಬ್ಲ್ಯೂ3ಸಿ ಸಂಸ್ಥೆ 2021ರಲ್ಲಿ ಪ್ರಕಟಿಸಿದ ಎಕ್ಸ್‌ಆರ್ (ಎಆರ್ ಮತ್ತು ಅದರಂಥ ತಂತ್ರಗಳಿಗೆಲ್ಲ ಒಟ್ಟು ಹೆಸರು) ಅಗತ್ಯಗಳ ಟಿಪ್ಪಣಿಯಲ್ಲಿ ಈ ಗುಂಡಿಯ ಮಾತು ಇದೆ. ಆ್ಯಪ್ ಮಾಡುವವರು ಓದಲೇಬೇಕಾದ ಬರಹ ಅದು.

ನಮ್ಮ ಕರಾವಳಿಯ ತೊಡಕುಗಳು

ಬೆಂಗಳೂರಿನಲ್ಲಿ ಕೂತು ಮಾಡಿದ ಆ್ಯಪ್ ಉತ್ತರ ಕನ್ನಡಕ್ಕೆ ಬಂದಾಗ ಇನ್ನೂ ಕೆಲವು ಕಡೆ ಎಡವುತ್ತದೆ. ಬಯಲಿನಲ್ಲಿ ಫೋನಿನ ಜಿಪಿಎಸ್ ಸುಮಾರು ಐದು ಮೀಟರ್ ಆಚೀಚೆ ಹೇಳುತ್ತದೆ. ಶಿರಸಿಯ ಅಡಿಕೆ ತೋಟದೊಳಗೆ, ಯಾಣದ ಬಂಡೆಗಳ ಬುಡದಲ್ಲಿ ಇನ್ನೂ ಕೆಡುತ್ತದೆ. ಕಣ್ಣು ಕಾಣದವರಿಗೆ ಐದು ಮೀಟರ್ ಅಂದರೆ ಕಾಲುದಾರಿಗೂ ಕಮರಿಗೂ ಇರುವ ಅಂತರ. ದೊಡ್ಡ ನಗರಗಳಲ್ಲಿ ಬೀದಿಯ ಫೋಟೋಗಳಿಗೆ ಕ್ಯಾಮೆರಾದ ಚಿತ್ರವನ್ನು ಹೋಲಿಸಿ ಜಾಗ ನಿಖರವಾಗಿ ಹಿಡಿಯುತ್ತಾರೆ. ಭಾರತದಲ್ಲಿ ಗೂಗಲ್‌ನ ಬೀದಿಚಿತ್ರಗಳು 2022ರಲ್ಲಿ ಹತ್ತು ನಗರಗಳಿಂದ ಶುರುವಾದವು, ನಮ್ಮ ರಾಜ್ಯದಿಂದ ಅದರಲ್ಲಿದ್ದದ್ದು ಬೆಂಗಳೂರು ಒಂದೇ. ಹಾಗಾಗಿ ಇಂಥ ಆ್ಯಪ್ ‘ಇಲ್ಲಿ ಬಾವಿ ಇದೆ’ ಅಂತ ಧೈರ್ಯವಾಗಿ ಸುಳ್ಳು ಹೇಳುವುದಕ್ಕಿಂತ ‘ಈ ಸುತ್ತಿನಲ್ಲಿ ಎಲ್ಲೋ ಬಾವಿ ಇದೆ, ನನಗೆ ಖಾತ್ರಿ ಇಲ್ಲ, ನಿಲ್ಲಿ’ ಅನ್ನುವುದನ್ನು ಕಲಿಯಬೇಕು. ಕೋಲಿನ ಕೆಲಸವನ್ನು ಆ್ಯಪ್ ಮಾಡುತ್ತದೆ ಅಂತ ಯಾರೂ ಹೇಳಬಾರದು.

ಘಟ್ಟದಲ್ಲಿ ನೆಟ್‌ವರ್ಕ್ ಯಾವಾಗ ಇರುತ್ತದೆ, ಯಾವಾಗ ಹೋಗುತ್ತದೆ ಅಂತ ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ವಿವರಣೆ, ದನಿ, ಚಿತ್ರ ಎಲ್ಲ ಮನೆಯ ವೈಫೈನಲ್ಲೇ ಇಳಿಸಿಕೊಳ್ಳುವಂತಿರಬೇಕು. ಜೂನ್ ಬಂದರೆ ಲೆನ್ಸಿನ ಮೇಲೆ ಹನಿ, ಪರದೆ ಒದ್ದೆ, ಬೆರಳು ಮುಟ್ಟಿದ್ದು ಫೋನಿಗೆ ತಿಳಿಯುವುದಿಲ್ಲ. ಮೇ ತಿಂಗಳಲ್ಲಿ ಚಿತ್ರೀಕರಿಸಿದ ಕೆಂಪು ಗೋಡೆ ಆಗಸ್ಟ್‌ನಲ್ಲಿ ಹಾವಸೆ ಹಿಡಿದು ಹಸಿರಾಗಿರುತ್ತದೆ, ಫೋನಿಗೆ ಅದೇ ಗೋಡೆ ಅಂತ ಗುರುತೇ ಹತ್ತುವುದಿಲ್ಲ. ಎರಡೂ ಕಾಲದಲ್ಲಿ ಚಿತ್ರ ತೆಗೆದುಕೊಳ್ಳಬೇಕು.

ಕಾರವಾರಕ್ಕೇ ವಿಶೇಷವಾದ ಒಂದು ತೊಡಕಿದೆ. ಪಕ್ಕದಲ್ಲೇ ನೌಕಾನೆಲೆ. ಆ ಭಾಗದಲ್ಲಿ ಫೋಟೋ ತೆಗೆಯುವಂತಿಲ್ಲ ಎಂಬ ಫಲಕಗಳಿರುತ್ತವೆ. ಎಆರ್ ಎಂದರೆ ಸದಾ ತೆರೆದ ಕ್ಯಾಮೆರಾ. ಕಣ್ಣು ಕಾಣದವರಿಗೆ ಆ ಫಲಕ ಕಾಣುವುದಿಲ್ಲ, ಕಾವಲಿನವರಿಗೆ ಇವರು ಫೋನ್ ಎತ್ತಿ ಹಿಡಿದದ್ದು ಮಾತ್ರ ಕಾಣುತ್ತದೆ. ನಿಷೇಧದ ಗಡಿಯನ್ನು ಆ್ಯಪ್ ತಾನೇ ತಿಳಿದು, ಕ್ಯಾಮೆರಾ ಮುಚ್ಚಿ, ‘ಇಲ್ಲಿಂದ ಮುಂದೆ ಬರೀ ದನಿ’ ಅಂತ ಹೇಳಬೇಕು. ಚಿತ್ರವನ್ನು ಎಲ್ಲಿಗೂ ಕಳಿಸದೆ ಫೋನಿನೊಳಗೇ ಲೆಕ್ಕ ಮುಗಿಸುವುದು ಎಲ್ಲ ಕಡೆಗೂ ಒಳ್ಳೆಯದು.

ಭಾಷೆಯ ಮಾತಿಗೆ ಬಂದರೆ, ಫೋನಿನ ಕನ್ನಡ ದನಿ ಈಗ ಸಾಕಷ್ಟು ಸುಧಾರಿಸಿದೆ. ಆದರೆ ಕೇಳುವವರೆಲ್ಲ ಮನೆಯಲ್ಲಿ ಕನ್ನಡವನ್ನೇ ಆಡುವವರಲ್ಲ. ಕಾರವಾರದಲ್ಲಿ ಕೊಂಕಣಿ, ಭಟ್ಕಳದಲ್ಲಿ ನವಾಯತಿ, ಶಿರಸಿಯ ಕಡೆ ಹವ್ಯಕ, ಹಾಲಕ್ಕಿಗಳಿಗೆ ಅವರದೇ ಕನ್ನಡ. ಹತ್ತು ನಿಮಿಷದ ಕಥೆಯನ್ನು ಊರಿನವರ ಬಾಯಲ್ಲೇ ಹೇಳಿಸಿ ರೆಕಾರ್ಡ್ ಮಾಡಿಕೊಳ್ಳುವುದು ಯಂತ್ರದ ದನಿಗಿಂತ ಅಗ್ಗ, ಕೇಳಲೂ ಚೆಂದ.

ಕಾನೂನೂ ಇದರ ಬೆನ್ನಿಗಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 42ನೇ ಕಲಮು ಮಾಹಿತಿ ಮತ್ತು ತಂತ್ರಜ್ಞಾನ ಎಲ್ಲರಿಗೂ ಎಟುಕಬೇಕು ಅನ್ನುತ್ತದೆ. 2025ರ ಏಪ್ರಿಲ್ 30ರಂದು ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪು ಇನ್ನೂ ಹತ್ತಿರದ್ದು. ಬ್ಯಾಂಕಿನ ಡಿಜಿಟಲ್ ಕೆವೈಸಿಯಲ್ಲಿ ಮುಖವನ್ನು ಕ್ಯಾಮೆರಾಕ್ಕೆ ಸರಿಯಾಗಿ ಹಿಡಿಯಿರಿ, ಕಣ್ಣು ಮಿಟುಕಿಸಿ ಅನ್ನುತ್ತಾರಲ್ಲ. ಆಸಿಡ್ ದಾಳಿಗೆ ತುತ್ತಾದವರು, ಕಣ್ಣು ಕಾಣದವರು ಅದನ್ನು ಮಾಡುವುದು ಹೇಗೆ ಅಂತ ಕೋರ್ಟಿಗೆ ಹೋದರು. ಡಿಜಿಟಲ್ ಸೇವೆ ಎಟುಕುವುದು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗ ಎಂದು ಕೋರ್ಟ್ ಹೇಳಿ, 20 ನಿರ್ದೇಶನಗಳನ್ನು ಕೊಟ್ಟಿತು. ಮಿಟುಕಿಸು ಅನ್ನುವ ಆ ಕ್ಯಾಮೆರಾ ಮತ್ತು ನಾಯಿಯ ಕಿವಿ ತೊಡಿಸುವ ಕ್ಯಾಮೆರಾ ಅಣ್ಣತಮ್ಮಂದಿರು. ಮುಖವನ್ನು ಹಿಂಬಾಲಿಸುವ ತಂತ್ರ ಎರಡಕ್ಕೂ ಬೇಕು. ಆಟದಲ್ಲಿ ತಪ್ಪಿದರೆ ಆಟ ಹೋಯಿತು, ಬ್ಯಾಂಕಿನಲ್ಲಿ ತಪ್ಪಿದರೆ ಖಾತೆಯೇ ತೆರೆಯುವುದಿಲ್ಲ.

ಇಂಥ ಆ್ಯಪ್ ಮಾಡುವವರು ಪರೀಕ್ಷೆಯನ್ನು ಇವತ್ತೇ ಶುರು ಮಾಡಬಹುದು. ಟಾಕ್‌ಬ್ಯಾಕ್ ಆನ್ ಮಾಡಿ, ಪರದೆಯ ಬೆಳಕು ಆರಿಸಿ ಬಾವಿಯ ಕಥೆಯವರೆಗೆ ತಲುಪಿ ನೋಡಿ. ದನಿ ಪೂರ್ತಿ ಮುಚ್ಚಿ ಅದೇ ದಾರಿ. ಕುರ್ಚಿಯಿಂದ ಏಳದೆ, ಒಂದೇ ಕೈಯಲ್ಲಿ ಮತ್ತೊಮ್ಮೆ. ಎಲ್ಲಿ ಸಿಕ್ಕಿಬಿದ್ದಿರಿ ಅಂತ ಗುರುತು ಹಾಕಿಕೊಂಡು ಮೊದಲು ಅದನ್ನು ಸರಿಮಾಡಿ. ಆಮೇಲೆ ನಿಜವಾಗಿ ಹಾಗೆ ಬದುಕುವವರನ್ನು ಕರೆಯಿರಿ. ಚಿತ್ರ ಬಿಡಿಸುವವರಿಗೆ ಕೊಡುವ ಹಾಗೆಯೇ ಅವರಿಗೂ ಸಂಬಳ ಕೊಡಿ, ಬರೀ ಶಾಲು ಹೊದಿಸಿ ಕಳಿಸಬೇಡಿ. ಮಿರ್ಜಾನ್‌ಗೆ ಹೋಗುವುದಾದರೆ ಒಮ್ಮೆ ಬೇಸಿಗೆಯಲ್ಲಿ ಹೋಗಿ, ಒಮ್ಮೆ ಜುಲೈನಲ್ಲಿ. ಕೊಡೆ ಹಿಡಿಯಲು ಒಬ್ಬರು ಜೊತೆಗಿರಲಿ.